ಹೈಸ್ಕೂಲ್ ಇಂಗ್ಲಿಷ್: ಮಗು ಎಲ್ಲಿದೆಯೋ ಅಲ್ಲಿಂದಲೇ ಶುರು

ಪ್ರತಿ ಜೂನ್‌ನಲ್ಲಿ 8ನೇ ತರಗತಿಗೆ ಹೊಸ ಮಕ್ಕಳು ಬಂದಾಗ ಮೊದಲ ವಾರ ನಾನು ಪಾಠವನ್ನೇ ತೆಗೆಯುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತ ಮೂವರನ್ನು ನೋಡಿ. ಒಬ್ಬಳು ಕಥೆ ಪುಸ್ತಕ ಕೊಟ್ಟರೆ ಓದಿ ಮುಗಿಸುತ್ತಾಳೆ. ಇನ್ನೊಬ್ಬ ಪಟಪಟ ಓದುತ್ತಾನೆ, ಏನು ಓದಿದೆಯೋ ಅಂತ ಕೇಳಿದರೆ ಮುಖ ನೋಡುತ್ತಾನೆ. ಮೂರನೆಯವನಿಗೆ ಬಿ ಮತ್ತು ಡಿ ಇನ್ನೂ ಅದಲು ಬದಲು. ಮೂವರಿಗೂ ಪುಸ್ತಕ ಒಂದೇ, ಪರೀಕ್ಷೆ ಒಂದೇ, 40 ನಿಮಿಷದ ಪೀರಿಯಡ್ಡೂ ಒಂದೇ. ಅಪ್ಪ ಅಮ್ಮ ಬಂದು ಕೇಳುವ ಪ್ರಶ್ನೆಯೂ ಒಂದೇ: 'ಮೇಷ್ಟ್ರೇ, ಯಾವ ಗೈಡ್ ತಗೊಳ್ಳೋದು?'

ಗೈಡ್ ಆಮೇಲೆ. ಮಗು ಈಗ ಎಲ್ಲಿ ನಿಂತಿದೆ ಅಂತ ಮೊದಲು ತಿಳಿಯಬೇಕು. ನಾನೂ ಕನ್ನಡ ಮಾಧ್ಯಮದಲ್ಲೇ ಓದಿದವನು, 5ನೇ ತರಗತಿಯಲ್ಲಿ ಎಬಿಸಿಡಿ ಕಲಿತವನು. ಈಗಿನ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲೂ 2007ರಿಂದ 1ನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆದರೂ 8ಕ್ಕೆ ಬರುವ ಹೊತ್ತಿಗೆ ಅಂತರ ಇಷ್ಟು ದೊಡ್ಡದಾಗಿರುತ್ತದೆ. ಯಾರ ತಪ್ಪು ಅಂತ ಲೆಕ್ಕ ಹಾಕುತ್ತಾ ಕೂತರೆ ಮೂರು ವರ್ಷ ಹಾಗೇ ಕಳೆದುಹೋಗುತ್ತದೆ.

ಮೊದಲು ಹತ್ತು ನಿಮಿಷದ ಪರೀಕ್ಷೆ

ಇದನ್ನು ಮನೆಯಲ್ಲೇ ಮಾಡಬಹುದು. ರಾಜ್ಯದ ಪಠ್ಯಪುಸ್ತಕಗಳೆಲ್ಲ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ, ದೀಕ್ಷಾ ಆ್ಯಪ್‌ನಲ್ಲಿ ಉಚಿತವಾಗಿ ಸಿಗುತ್ತವೆ. 4ನೇ ತರಗತಿಯ ಇಂಗ್ಲಿಷ್ ಪುಸ್ತಕದಿಂದ ಒಂದು ಪುಟ ತೆಗೆದು ಮಗುವಿನಿಂದ ಜೋರಾಗಿ ಓದಿಸಿ. ಸುಮಾರು 100 ಪದಕ್ಕೆ 10ಕ್ಕಿಂತ ಜಾಸ್ತಿ ಕಡೆ ತಡವರಿಸಿದರೆ ಆ ಪುಸ್ತಕವೂ ಕಷ್ಟ ಅಂತ ಅರ್ಥ, ಇನ್ನೂ ಕೆಳಗಿನದು ತೆಗೆಯಿರಿ. ಸಲೀಸಾಗಿ ಓದಿದರೆ 6, ಆಮೇಲೆ 8. ಇದು ನಾನು ಕೈಯಂದಾಜಿನಲ್ಲಿ ಇಟ್ಟುಕೊಂಡ ಲೆಕ್ಕ, ಕೆಲಸಕ್ಕೆ ಬರುತ್ತದೆ.

ಓದಿದ ಮೇಲೆ ಪುಸ್ತಕ ಮುಚ್ಚಿಸಿ, ಏನಿತ್ತು ಅಂತ ಕನ್ನಡದಲ್ಲೇ ಹೇಳಿಸಿ. ಇಂಗ್ಲಿಷ್‌ನಲ್ಲಿ ಹೇಳು ಅನ್ನಬೇಡಿ, ನೀವು ನೋಡುತ್ತಿರುವುದು ಅರ್ಥ ಆಗಿದೆಯೋ ಇಲ್ಲವೋ ಅಷ್ಟೇ. ಕೊನೆಗೆ, ನಿನ್ನೆ ಏನೇನು ಮಾಡಿದೆ ಅಂತ ಇಂಗ್ಲಿಷ್‌ನಲ್ಲಿ ಐದು ವಾಕ್ಯ ಬರೆಸಿ. ನೋಡಿಕೊಂಡು ಬರೆಯುವ ಹಾಗಿಲ್ಲ.

ಪಟಪಟ ಓದುವ ಮಕ್ಕಳ ವಿಷಯದಲ್ಲಿ ನಾವು ಜಾಸ್ತಿ ಮೋಸ ಹೋಗುತ್ತೇವೆ. ಒಮ್ಮೆ ಒಬ್ಬ ಹುಡುಗಿ ಇಡೀ ಪದ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಅದರಲ್ಲಿದ್ದ 'ಬ್ಲೈಂಡ್' ಅಂದರೇನಮ್ಮ ಅಂದೆ. 'ಕಿಟಕಿ ಸಾರ್' ಅಂದಳು.

ಅಕ್ಷರ ಕೂಡಿಸಲು ಬಾರದಿದ್ದರೆ

ಹೈಸ್ಕೂಲಿಗೆ ಬಂದ ಮೇಲೆ ಇಂಥ ಮಕ್ಕಳಿಗೆ ವ್ಯಾಕರಣ ಹೇಳುವುದು, ನೋಟ್ಸ್ ಬರೆಸುವುದು ಸುಮ್ನೆ ದಂಡ. ಅವರಿಗೆ ಬೇಕಾಗಿರುವುದು ಓದು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಅಕ್ಷರದ ಹೆಸರೇ ಅದರ ಸದ್ದು. ಇಂಗ್ಲಿಷ್‌ನಲ್ಲಿ ಹೆಸರೇ ಬೇರೆ, ಸದ್ದೇ ಬೇರೆ. 'ಸಿ, ಎ, ಟಿ' ಅಂತ ಓದಿದ ಮಗು ಅದನ್ನು ಕೂಡಿಸಿದರೆ 'ಸಿಯೇಟಿ' ಅನ್ನುತ್ತದೆ. ಅದರ ಲೆಕ್ಕದಲ್ಲಿ ಅದೇ ಸರಿ, ಅಲ್ವಾ? ಆದ್ದರಿಂದ ಅಕ್ಷರದ ಹೆಸರು ಬಿಟ್ಟು ಸದ್ದು ಕಲಿಸಿ. ಕಾಗುಣಿತ ಬರುವ ಮಗುವಿಗೆ ಕ್ ಮತ್ತು ಆ್ಯ ಸೇರಿ ಕ್ಯಾ, ಮುಂದೆ ಟ್ ಅಂದರೆ ಬೇಗ ಹಿಡಿಯುತ್ತದೆ. ಕ್ಯಾಟ್ ಬಂದರೆ ಅದೇ ದಿನ ಬ್ಯಾಟ್, ಮ್ಯಾಟ್, ರ್‍ಯಾಟ್ ಎಲ್ಲ ಬರುತ್ತವೆ. ಎರಡು ವಾರ ಇಂಥ ಗುಂಪುಗಳಾದ ಮೇಲೆ ಕೊನೆಯ 'ಇ' ಆಟ ಶುರು ಮಾಡಿ: ಕಿಟ್ ಮುಂದೆ ಇ ಇಟ್ಟರೆ ಕೈಟ್, ಪಿನ್ ಮುಂದೆ ಇಟ್ಟರೆ ಪೈನ್, ಟಬ್ ಮುಂದೆ ಇಟ್ಟರೆ ಟ್ಯೂಬ್. ಆ ಇ ತಾನು ಸದ್ದು ಮಾಡುವುದಿಲ್ಲ, ಹಿಂದಿನ ಸ್ವರವನ್ನು ಬದಲಿಸುತ್ತದೆ. 14 ವರ್ಷದ ಹುಡುಗನಿಗೆ ಇದು ಗೊತ್ತಾದಾಗ ಅವನ ಮುಖ ನೋಡಬೇಕು ನೀವು. ಇಷ್ಟು ವರ್ಷ ಯಾರೂ ಹೇಳಿರಲಿಲ್ಲವಲ್ಲ ಅನ್ನುವ ಹಾಗಿರುತ್ತದೆ.

ಈ ನಿಯಮಕ್ಕೆ ಸಿಗದ ಪದಗಳೂ ಇವೆ. ದಿ, ವಾಸ್, ಸೆಡ್, ದೇ, ವಾಟ್, ಕಮ್ ಇಂಥವು. ಇವುಗಳನ್ನು ಮುಖ ನೋಡಿ ಗುರುತಿಸಿದ ಹಾಗೆ ಗುರುತಿಸಬೇಕು. ಪುಟ್ಟ ಚೀಟಿಗಳಲ್ಲಿ ಬರೆದು ದಿನಕ್ಕೆ ಐದು ಸಾಕು.

ಓದಿಸುವುದಕ್ಕೆ ನನ್ನ ಮೊದಲ ಸಾಮಗ್ರಿ ಹೆಸರುಗಳು. ಮಗುವಿನ ಹೆಸರು, ಗೆಳೆಯರ ಹೆಸರು, ಊರು, ಪಕ್ಕದ ಊರುಗಳು, ತಾಲ್ಲೂಕು. ಸದ್ದು ಆಗಲೇ ಗೊತ್ತು, ಅರ್ಥದ ಗೊಡವೆ ಇಲ್ಲ, ಅಕ್ಷರ ಮಾತ್ರ ಹೊಸದು. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಊರಿನ ಹೆಸರು ಕನ್ನಡದಲ್ಲೂ ಇರುತ್ತದೆ, ಇಂಗ್ಲಿಷ್‌ನಲ್ಲೂ ಇರುತ್ತದೆ. ಫೋಟೋ ತೆಗೆದು ತಂದು ಯಾವ ಅಕ್ಷರಕ್ಕೆ ಯಾವುದು ಅಂತ ಹೊಂದಿಸಿ. ಆಮೇಲೆ ಬಿಸ್ಕತ್ತಿನ ಪೊಟ್ಟಣ, ಸೋಪಿನ ಡಬ್ಬಿ, ಗೊಬ್ಬರದ ಚೀಲ, ಅಂಗಡಿ ಬೋರ್ಡು.

ಒಂದು ಕೆಟ್ಟ ಅಭ್ಯಾಸ ಮಾತ್ರ ಬಿಡಿಸಿ: ಪ್ರತಿ ಇಂಗ್ಲಿಷ್ ಪದದ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವುದು. ಕಣ್ಣು ಕನ್ನಡದ ಮೇಲೇ ಓಡುತ್ತದೆ, ಕೆಳಗಿನ ಇಂಗ್ಲಿಷ್ ಹಾಗೇ ಇರುತ್ತದೆ. ತೀರಾ ಕಷ್ಟದ ಪದಕ್ಕೆ ಒಂದು ಸಲ ಬರೆದುಕೊಳ್ಳಲಿ, ಮಾರನೇ ದಿನ ಅಳಿಸಲಿ.

ದಿನಕ್ಕೆ 20 ನಿಮಿಷ ತಪ್ಪದೆ ಕೂತರೆ ಮೂರು ನಾಲ್ಕು ತಿಂಗಳಲ್ಲಿ 3ನೇ ತರಗತಿ ಪುಸ್ತಕ ಓದುವಷ್ಟಾಗುತ್ತದೆ. ಭಾನುವಾರ ಎರಡು ಗಂಟೆ ಕೂರಿಸಿ ವಾರವೆಲ್ಲ ಬಿಡುವುದರಿಂದ ಏನೂ ಆಗುವುದಿಲ್ಲ. ಚಿಕ್ಕ ತರಗತಿಯ ಪುಸ್ತಕ ಹಿಡಿಯಲು ಹುಡುಗರಿಗೆ ನಾಚಿಕೆ. ಅದಕ್ಕೆ ನಾನು ಪಿಡಿಎಫ್‌ನಿಂದ ಪುಟ ತೆಗೆಸಿ ಹಾಳೆಯಾಗಿ ಕೊಡುತ್ತೇನೆ, ಯಾವ ತರಗತಿಯದು ಅಂತ ಯಾರಿಗೂ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಅಕ್ಷರಗಳು ತಿರುವು ಮುರುವು ಆಗುತ್ತಲೇ ಇದ್ದರೆ, ಕನ್ನಡ ಓದಲೂ ಅಷ್ಟೇ ಕಷ್ಟ ಇದ್ದರೆ, ಬುದ್ಧಿ ಮಾತ್ರ ಚುರುಕಾಗಿದ್ದರೆ, ಬೈಯುವುದು ನಿಲ್ಲಿಸಿ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದರಲ್ಲೇ ಇರುವ ತೊಡಕು, ಇರಬಹುದು. ಪ್ರಮಾಣಪತ್ರ ಇರುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡಲು ಸಹಾಯಕರಂಥ ಅನುಕೂಲ ಇದೆ. ಇದರ ಕಾಗದ ಪತ್ರ ಆಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, 9ನೇ ತರಗತಿಯಲ್ಲೇ ಮುಖ್ಯಶಿಕ್ಷಕರ ಹತ್ತಿರ ಮಾತಾಡಿ.

ಓದಲು ಬರುತ್ತದೆ, ವಾಕ್ಯ ಕಟ್ಟಲು ಬರುವುದಿಲ್ಲ

ಅರ್ಧಕ್ಕರ್ಧ ಮಕ್ಕಳು ಇಲ್ಲೇ ಸಿಕ್ಕಿಕೊಂಡಿರುತ್ತಾರೆ. ಇವರಿಗೆ ಟೆನ್ಸ್ ಪಟ್ಟಿ ಬಾಯಿಪಾಠ ಬರುತ್ತದೆ, ಒಂದು ವಾಕ್ಯ ಸ್ವಂತ ಬರೆ ಅಂದರೆ ಪೆನ್ನು ನಿಲ್ಲುತ್ತದೆ. ನನ್ನ ಅನುಭವದಲ್ಲಿ ಇವರಿಗೆ ಬೇಕಾಗಿರುವುದು ಇನ್ನೊಂದು ವ್ಯಾಕರಣ ಪುಸ್ತಕ ಅಲ್ಲ. ಕನ್ನಡ ಎಲ್ಲಿ ಒಂದು ದಾರಿ ಹಿಡಿಯುತ್ತದೆ, ಇಂಗ್ಲಿಷ್ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಅನ್ನುವುದು ಗೊತ್ತಾಗಬೇಕು.

ಮೊದಲನೆಯದು 'ನನಗೆ'. ಕನ್ನಡದಲ್ಲಿ ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವಾಗಿದೆ, ನನಗೆ ಜ್ವರ, ನನಗೆ ಇಬ್ಬರು ತಂಗಿಯರು, ಎಲ್ಲದಕ್ಕೂ ನನಗೆ. ಮಗು 'ಟು ಮಿ' ಅಂತಲೋ 'ಮಿ' ಅಂತಲೋ ಶುರು ಮಾಡಿ ಅಲ್ಲೇ ನಿಲ್ಲುತ್ತದೆ. ಇಂಗ್ಲಿಷ್‌ನಲ್ಲಿ ಈ ನನಗೆ ಎಲ್ಲವೂ 'ಐ' ಆಗುತ್ತದೆ: ಐ ನೋ, ಐ ವಾಂಟ್, ಐ ಆ್ಯಮ್ ಹಂಗ್ರಿ, ಐ ಹ್ಯಾವ್ ಎ ಫೀವರ್, ಐ ಹ್ಯಾವ್ ಟೂ ಸಿಸ್ಟರ್ಸ್. ಒಂದು ವಾರ ಪೂರ್ತಿ ಇದನ್ನೇ ಆಡಿಸಿ. ನೀವು ಕನ್ನಡದಲ್ಲಿ ಹೇಳಿ, ಅವರು ಇಂಗ್ಲಿಷ್‌ನಲ್ಲಿ ಹೇಳಲಿ. ಬೇರೆ ಯಾವ ವ್ಯಾಕರಣ ಪಾಠಕ್ಕಿಂತಲೂ ಈ ಒಂದು ವಾರದಿಂದ ಜಾಸ್ತಿ ಬಾಯಿ ಬಿಡುತ್ತಾರೆ.

ಎರಡನೆಯದು ಕ್ರಿಯಾಪದದ ಜಾಗ. ನಮ್ಮದು ಕೊನೆಗೆ ಬರುತ್ತದೆ, ಅವರದು ಎರಡನೇ ಜಾಗದಲ್ಲಿ. 'ಅಪ್ಪ ಸಂತೆಯಿಂದ ತರಕಾರಿ ತಂದರು' ಅನ್ನುವುದನ್ನು ನಾಲ್ಕು ಚೀಟಿಗಳಲ್ಲಿ ಬರೆದು, 'ತಂದರು' ಚೀಟಿಯನ್ನು ಎತ್ತಿ ಅಪ್ಪನ ಪಕ್ಕದಲ್ಲಿಡಿ. ಸಂತೆಯಿಂದ ಅನ್ನುವುದರ 'ಇಂದ' ಹಿಂದಿದ್ದದ್ದು ಮುಂದೆ ಬಂದು 'ಫ್ರಮ್' ಆಗುತ್ತದೆ. ವಿಭಕ್ತಿ ಪ್ರತ್ಯಯ ಕನ್ನಡ ಮೇಷ್ಟ್ರು ಕಲಿಸಿರುತ್ತಾರೆ. ಅದನ್ನು ಇಲ್ಲಿ ಉಪಯೋಗಿಸದೇ ಇರುವುದು ನಮ್ಮ ದಡ್ಡತನ.

ಮೂರನೆಯದು 'ಅಂತ'. ರಿಪೋರ್ಟೆಡ್ ಸ್ಪೀಚ್ ಯಾಕೆ ಮಕ್ಕಳಿಗೆ ತಲೆನೋವು ಗೊತ್ತಾ? ಕನ್ನಡದಲ್ಲಿ ಅವನು 'ನಾನು ನಾಳೆ ಬರ್ತೀನಿ ಅಂತ ಹೇಳಿದ' ಅಂದರೆ ಮುಗಿಯಿತು, ಒಳಗಿನ ಮಾತು ಇದ್ದ ಹಾಗೇ ಇರುತ್ತದೆ. ಇಂಗ್ಲಿಷ್‌ನಲ್ಲಿ ನಾನು ಹೋಗಿ ಅವನು ಆಗಬೇಕು, ಬರ್ತೀನಿ ಹೋಗಿ 'ವುಡ್ ಕಮ್' ಆಗಬೇಕು, ನಾಳೆಯೂ 'ದಿ ನೆಕ್ಸ್ಟ್ ಡೇ' ಆಗಬೇಕು. ಈ ವ್ಯತ್ಯಾಸ ಹೇಳದೆ ಬರೀ ನಿಯಮದ ಪಟ್ಟಿ ಕೊಟ್ಟರೆ, ಇದೆಲ್ಲ ಯಾಕೆ ಬದಲಾಗಬೇಕು ಅಂತಲೇ ಮಗುವಿಗೆ ಗೊತ್ತಾಗುವುದಿಲ್ಲ.

ಕ್ವೆಶ್ಚನ್ ಟ್ಯಾಗ್ ಅಂದರೆ ನಮ್ಮ 'ಅಲ್ವಾ'. ನಮಗೆ ಒಂದು ಅಲ್ವಾ ಎಲ್ಲ ಕಡೆ ಸಾಕು. ಇಂಗ್ಲಿಷ್‌ನವರು ಪ್ರತಿ ವಾಕ್ಯಕ್ಕೂ ಹೊಸ ಅಲ್ವಾ ಹೊಲಿಸುತ್ತಾರೆ: ಹಿ ಈಸ್ ಟಾಲ್ ಅಂದರೆ ಇಸಂಟ್ ಹಿ, ದೇ ವೆಂಟ್ ಅಂದರೆ ಡಿಡಂಟ್ ದೇ. ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಕೂಡ ಹಾಗೇ. 'ಮಾಡಲ್ಪಟ್ಟಿತು' ಅಂತ ನಾವು ಯಾರೂ ಮನೆಯಲ್ಲಿ ಮಾತಾಡುವುದಿಲ್ಲವಲ್ಲ. ಆದರೆ ಇಂಗ್ಲಿಷ್ ಪೇಪರಿನಲ್ಲಿ, ವಿಜ್ಞಾನದ ಪ್ರಯೋಗ ವಿವರಿಸುವಾಗ ಅದು ದಂಡಿಯಾಗಿ ಬರುತ್ತದೆ. ಉದಾಹರಣೆ ಅಲ್ಲಿಂದಲೇ ತೆಗೆದುಕೊಳ್ಳಿ.

ಇನ್ನು ಸಾಮಾನ್ಯ ತಪ್ಪುಗಳು. 'ದಿನಾ ಹೋಗ್ತಾ ಇರ್ತೀನಿ' ಅನ್ನುವ ರೂಢಿಯಿಂದ 'ಐ ಆ್ಯಮ್ ಗೋಯಿಂಗ್ ಟು ಸ್ಕೂಲ್ ಡೈಲಿ' ಅಂತ ಬರುತ್ತದೆ, 'ಐ ಗೋ' ಸಾಕು. 'ಡಿಡ್' ಬಂದ ಮೇಲೆ 'ವೆಂಟ್' ಬರಬಾರದು, ಭೂತಕಾಲ ಒಂದೇ ಕಡೆ ಸಾಕು. ಎ, ಆ್ಯನ್, ದಿ ನಮ್ಮ ಭಾಷೆಯಲ್ಲೇ ಇಲ್ಲ, ಅದು ನಿಧಾನಕ್ಕೆ ಓದುತ್ತಾ ಓದುತ್ತಾ ಬರಲಿ, ಅದರ ಮೇಲೆ ಹಠ ಬೇಡ.

ಇದರ ಜೊತೆ ದಿನಕ್ಕೆ ಐದು ಸಾಲು ಡೈರಿ. ಗೊತ್ತಿರುವ ಪದದಲ್ಲೇ ಬರೆಯಬೇಕು, ಗೊತ್ತಿಲ್ಲದ್ದನ್ನು ಕನ್ನಡದಲ್ಲೇ ಬರೆದು ಮುಂದೆ ಹೋಗಬಹುದು. ತಿದ್ದುವವರಿಗೆ ಒಂದು ಮಾತು: ಒಂದು ವಾರ ಒಂದೇ ಬಗೆಯ ತಪ್ಪು ತಿದ್ದಿ. ಪುಟವೆಲ್ಲ ಕೆಂಪು ಮಾಡಿ ಕೊಟ್ಟರೆ ಆ ಮಗು ಮಾರನೇ ದಿನ ಎರಡೇ ಸಾಲು ಬರೆದು ತರುತ್ತದೆ, ನಾನೇ ಮಾಡಿ ನೋಡಿದ್ದೇನೆ.

ಮಾತಾಡುವುದಕ್ಕೆ ಫೋನ್ ಸಾಕು. ದಿನಕ್ಕೆ ಎರಡು ನಿಮಿಷ, ತಾನು ಬರೆದ ಡೈರಿಯನ್ನೇ ನೋಡದೆ ಹೇಳಿ ರೆಕಾರ್ಡ್ ಮಾಡಿಕೊಂಡು ಕೇಳಲಿ. 'ಎಗ್' ಅನ್ನುವುದು 'ಯೆಗ್' ಆಗುವುದು, 'ಫ್ಯಾನ್' ಹೋಗಿ 'ಪ್ಯಾನ್' ಆಗುವುದು ಆಗ ತಾನಾಗೇ ಕಿವಿಗೆ ಬೀಳುತ್ತದೆ. 30 ದಿನದಲ್ಲಿ ಸ್ಪೋಕನ್ ಇಂಗ್ಲಿಷ್ ಅನ್ನುವ ಜಾಹೀರಾತಿಗೆ ದುಡ್ಡು ಕಟ್ಟುವ ಮೊದಲು ಇದನ್ನು 30 ದಿನ ಮಾಡಿ ನೋಡಿ.

ಚೆನ್ನಾಗಿ ಬರುವ ಮಕ್ಕಳು

ಇವರನ್ನು ಯಾರೂ ಕೇಳುವುದಿಲ್ಲ. 'ಅವಳಿಗೆ ಬರುತ್ತೆ ಬಿಡಿ' ಅಂತ ಬಿಟ್ಟುಬಿಡುತ್ತೇವೆ, ಅವಳು ಮೂರು ವರ್ಷ ಬೋರ್ಡ್ ಒರೆಸುತ್ತಾ ಇರುತ್ತಾಳೆ. ಇಂಥವರಿಗೆ ಪಾಠದ ಪ್ರಶ್ನೋತ್ತರ ಬರೆಸಬೇಡಿ. ಕನ್ನಡ ಪಠ್ಯದ ಒಂದು ಪ್ಯಾರಾ ಕೊಟ್ಟು ಇಂಗ್ಲಿಷ್ ಮಾಡಿಸಿ, ಅಜ್ಜಿ ಹೇಳುವ ಗಾದೆ ಕೊಟ್ಟು ಇಂಗ್ಲಿಷ್ ಮಾಡಿಸಿ, ಯಾಕೆ ಆಗಲಿಲ್ಲ ಅಂತ ಬರೆಸಿ. ಅದು ನಿಜವಾದ ಕಲಿಕೆ. ಪ್ರತಿಭಾ ಕಾರಂಜಿಯಲ್ಲಿ ಇಂಗ್ಲಿಷ್ ಭಾಷಣ ಇರುತ್ತದೆ, ಬರೆದುಕೊಟ್ಟದ್ದನ್ನು ಉರು ಹೊಡೆಸದೆ ಅವರದೇ ಮಾತಿನಲ್ಲಿ ತಯಾರು ಮಾಡಿಸಿ. ವಾರಕ್ಕೆ ಎರಡು ಸಲ, ಓದಲು ಬಾರದ ಒಬ್ಬ ಸಹಪಾಠಿಗೆ ಹೇಳಿಕೊಡಲಿ. ಆದರೆ ದಿನಾ ಬೇಡ, ಅವಳೇನು ಸಂಬಳ ಇಲ್ಲದ ಮೇಷ್ಟ್ರಲ್ಲ.

ಯಾವ ದಾರಿ ಹಿಡಿಯೋದು?

ರಾಜ್ಯ ಪಠ್ಯಕ್ರಮದಲ್ಲಿ ಕನ್ನಡ ಮಾಧ್ಯಮದ ಬಹಳಷ್ಟು ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಎಸ್ಸೆಸ್ಸೆಲ್ಸಿಯಲ್ಲಿ ಇದು 100 ಅಂಕದ್ದು, 80 ಲಿಖಿತ, 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಪ್ರಥಮ ಭಾಷೆ 125ರದ್ದು. ಇಂಗ್ಲಿಷ್ ಮಾಧ್ಯಮದಲ್ಲಿ ಕೆಲವರು ಪ್ರತಿಷ್ಠೆಗೆ ಇಂಗ್ಲಿಷನ್ನೇ ಪ್ರಥಮ ಭಾಷೆ ತೆಗೆದುಕೊಳ್ಳುತ್ತಾರೆ. ಎರಡರ ಪುಸ್ತಕವೂ ಬೇರೆ, ಮಟ್ಟವೂ ಬೇರೆ. ಮಗು ಕಥೆ ಪುಸ್ತಕ ತಾನಾಗಿ ಓದುತ್ತಿದ್ದರೆ ಸರಿ, ಇಲ್ಲದಿದ್ದರೆ 125 ಅಂಕವನ್ನು ಪಣಕ್ಕಿಡುವುದು ಯಾಕೆ?

8ನೇ ತರಗತಿಯಲ್ಲಿ ಮಾಧ್ಯಮ ಬದಲಿಸುವ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಮೇಲೆ ಹೇಳಿದ ಪರೀಕ್ಷೆಯಲ್ಲಿ 6ನೇ ತರಗತಿ ಪುಸ್ತಕ ಓದಿ ಅರ್ಥ ಹೇಳುವ ಮಗುವಾದರೆ ಬದಲಿಸಬಹುದು, ಮೊದಲ ಆರು ತಿಂಗಳು ಅಂಕ ಕುಸಿಯುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡು. ಅಕ್ಷರ ಕೂಡಿಸಲು ಬಾರದ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಇಂಗ್ಲಿಷೂ ಬರುವುದಿಲ್ಲ, ಅಲ್ಲಿಯವರೆಗೆ ಬರುತ್ತಿದ್ದ ಗಣಿತ, ವಿಜ್ಞಾನವೂ ಹೋಗುತ್ತದೆ. ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ, ಬೇಜಾರಾದರೂ ಪರವಾಗಿಲ್ಲ.

ಸಿಬಿಎಸ್‌ಇ 10ರಲ್ಲೂ 80 ಮತ್ತು 20ರ ಲೆಕ್ಕವೇ. ಐಸಿಎಸ್‌ಇಯಲ್ಲಿ ಇಂಗ್ಲಿಷ್ ಭಾಷೆಗೆ ಒಂದು ಪತ್ರಿಕೆ, ಸಾಹಿತ್ಯಕ್ಕೆ ಒಂದು ಪತ್ರಿಕೆ, ಓದುವ ಅಭ್ಯಾಸ ಇಲ್ಲದವರಿಗೆ ಅದು ಭಾರ. ಶಾಲೆ ಬಿಟ್ಟವರಿಗೆ ಎನ್‌ಐಒಎಸ್ ಮುಕ್ತ ಶಾಲೆ ಇದೆ.

10ನೇ ತರಗತಿಯ ವರ್ಷ

ಪಾಸಾಗುವುದೇ ಕಷ್ಟ ಅನ್ನುವ ಮಗುವಿಗೆ ಡಿಸೆಂಬರ್‌ನಿಂದ ಲೆಕ್ಕ ಬೇರೆ. ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಯಾವುದು ಖಚಿತವಾಗಿ ಸಿಗುತ್ತದೆ ಅಂತ ಗುರುತು ಮಾಡಿ. ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುವುದರಲ್ಲಿ ಉತ್ತರ ಅಲ್ಲೇ ಇರುತ್ತದೆ, ಪ್ರಶ್ನೆಯ ಪದವನ್ನು ಹುಡುಕಿ ಆ ಸಾಲು ಬರೆಯಲು ಕಲಿಸಿ. ಚಿತ್ರ ನೋಡಿ ಬರೆಯುವುದಕ್ಕೆ 'ದೇರ್ ಈಸ್', 'ದೇರ್ ಆರ್', 'ಐ ಕ್ಯಾನ್ ಸೀ' ಈ ಮೂರರಲ್ಲೇ ಐದಾರು ವಾಕ್ಯ ಆಗುತ್ತದೆ. ಕಂಠಪಾಠದ ಪದ್ಯ ನೋಡದೆ ಬರೆಯುವಷ್ಟಾಗಬೇಕು. ಪತ್ರದಲ್ಲಿ ವಿಳಾಸ, ದಿನಾಂಕ, ವಿಷಯ, ಸಹಿ ಯಾವ ಜಾಗದಲ್ಲಿ ಅನ್ನುವುದಕ್ಕೂ ಅಂಕ ಇದೆ.

ಪತ್ರ ಕಲಿಸಲು ನಿಜವಾದ ಪತ್ರ ಬರೆಸಿ. ಒಂದು ವರ್ಷ ನಮ್ಮ ಮಕ್ಕಳು ಶಾಲೆ ಮುಂದಿನ ಬೀದಿದೀಪಕ್ಕಾಗಿ ಗ್ರಾಮ ಪಂಚಾಯ್ತಿಗೆ ಇಂಗ್ಲಿಷ್‌ನಲ್ಲಿ ಬರೆದರು. ಪಂಚಾಯ್ತಿ ಅಧಿಕಾರಿ (ಪಿಡಿಒ) ಕನ್ನಡದಲ್ಲಿ ಬರೆಯಬಾರದಿತ್ತಾ ಅಂತ ನಕ್ಕರು, ದೀಪ ಬಂತು. 'ಐ ಬೆಗ್ ಟು ಸ್ಟೇಟ್' ಅನ್ನುವ ಹಳೇ ಕಾಲದ ಸಾಲು ಯಾರಿಗೂ ಬೇಕಾಗಿಲ್ಲ.

ಗೈಡ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಕೊನೆಯ ಎರಡು ತಿಂಗಳು ಉತ್ತರದ ಅಳತೆ ನೋಡಿಕೊಳ್ಳಲು ಸರಿ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಗೈಡ್ ಉರು ಹೊಡೆದ ಮಗು ಪಕ್ಕದ ಪಾಠದ ಉತ್ತರ ಬರೆದು ಬರುತ್ತದೆ. ಇಂಗ್ಲಿಷ್‌ನಲ್ಲಿ ಹೋದರೆ ವರ್ಷ ಹೋಯಿತು ಅಂತ ಅಳುವುದೂ ಬೇಡ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಫಲಿತಾಂಶ ಬಂದ ವಾರವೇ ಮುಂದಿನದಕ್ಕೆ ಹೆಸರು ಕಟ್ಟಿಸಿ, ಅಕ್ಕಪಕ್ಕದವರ ಮಾತು ಮುಗಿಯಲಿ ಅಂತ ಕಾಯಬೇಡಿ.

ಏಪ್ರಿಲ್, ಮೇ

ಎಸ್ಸೆಸ್ಸೆಲ್ಸಿ ಮುಗಿದು ಪಿಯುಸಿ ಶುರುವಾಗುವ ಜೂನ್‌ವರೆಗೆ ಸುಮಾರು ಎರಡು ತಿಂಗಳು ಸಿಗುತ್ತದೆ. ಐಟಿಐಗೆ ಹೋಗುವವರಿಗೆ ಯಂತ್ರದ ಮೇಲಿನ ಸೂಚನೆ, ಅಳತೆ, ಸುರಕ್ಷತೆಯ ಬೋರ್ಡು ಓದಲು ಬಂದರೆ ಶುರುವಿಗೆ ಸಾಕು. ಡಿಪ್ಲೊಮಾಕ್ಕೆ ಅದಕ್ಕಿಂತ ಜಾಸ್ತಿ ಬೇಕು. ಕಲಾ, ವಾಣಿಜ್ಯ ವಿಭಾಗಗಳಲ್ಲಿ ಕನ್ನಡದಲ್ಲಿ ಬರೆಯುವವರು ಬಹಳ ಇದ್ದಾರೆ, ಅವರಿಗೆ ಇಂಗ್ಲಿಷ್ ಒಂದು ಭಾಷಾ ಪತ್ರಿಕೆ ಮಾತ್ರ.

ಪೆಟ್ಟು ಬೀಳುವುದು ವಿಜ್ಞಾನಕ್ಕೆ ಹೋಗುವ ಕನ್ನಡ ಮಾಧ್ಯಮದ ಮಕ್ಕಳಿಗೆ. ನೀಟ್, ಜೆಇಇ ಮೇನ್ ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯಬಹುದು, ನಿಜ, ಆದರೆ ಬಹುತೇಕ ಕಾಲೇಜುಗಳಲ್ಲಿ ಪಾಠ, ಪುಸ್ತಕ, ನೋಟ್ಸ್ ಎಲ್ಲ ಇಂಗ್ಲಿಷ್‌ನಲ್ಲೇ. ನಾನು ಪಿಯುಸಿಗೆ ಸೇರಿದ ಮೊದಲ ದಿನ ಮೇಷ್ಟ್ರು 'ಆಕ್ಸಲರೇಷನ್' ಅಂತ ಒಂದು ಗಂಟೆ ಮಾತಾಡಿದರು. ನನಗೆ ಒಂದಕ್ಷರ ಹತ್ತಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿದ್ದ ವೇಗೋತ್ಕರ್ಷ ಅಂತ ತಿಳಿದದ್ದು ಮೂರನೇ ವಾರ.

ಅದಕ್ಕೆ ಈ ಎರಡು ತಿಂಗಳಲ್ಲಿ ಒಂದು 200 ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. 10ನೇ ತರಗತಿಯ ವಿಜ್ಞಾನ ಮತ್ತು ಗಣಿತ ಪುಸ್ತಕಗಳು ಕನ್ನಡ ಮಾಧ್ಯಮದವು ಮನೆಯಲ್ಲಿರುತ್ತವೆ, ಇಂಗ್ಲಿಷ್ ಮಾಧ್ಯಮದ್ದನ್ನು ಇಳಿಸಿಕೊಳ್ಳಿ. ಪಾಠ ಪಕ್ಕಪಕ್ಕ ಇಟ್ಟು ದಿನಕ್ಕೆ ಎರಡು ಪುಟ ಓದಿ, ಪದಗಳನ್ನು ಎದುರು ಬದುರು ಬರೆಯಿರಿ. ದ್ಯುತಿಸಂಶ್ಲೇಷಣೆ, ಫೋಟೋಸಿಂಥಸಿಸ್. ಆಮ್ಲ, ಆಸಿಡ್. ಪ್ರತ್ಯಾಮ್ಲ, ಬೇಸ್. ವರ್ಗಸಮೀಕರಣ, ಕ್ವಾಡ್ರಾಟಿಕ್ ಈಕ್ವೇಷನ್. ಲ.ಸಾ.ಅ., ಎಲ್‌ಸಿಎಮ್. ಪದದ ಪಕ್ಕ ಒಂದು ಸಣ್ಣ ಚಿತ್ರ ಅಥವಾ ಸೂತ್ರ ಇರಲಿ. ವಿಷಯ ಆಗಲೇ ಗೊತ್ತಿರುವುದರಿಂದ ಇಂಗ್ಲಿಷ್ ಪುಟ ಅಷ್ಟು ಹೆದರಿಸುವುದಿಲ್ಲ. 'ಅಸ್ಯೂಮ್', 'ದೇರ್‌ಫೋರ್', 'ಡಿರೈವ್', 'ಸ್ಟೇಟ್ ಆ್ಯಂಡ್ ಪ್ರೂವ್' ಇಂಥ ಪ್ರಶ್ನೆಯ ಪದಗಳಿಗೆ ಕೊನೆಯ ಹತ್ತು ಪುಟ ಬೇರೆ ಇಡಿ, ಕ್ಲಾಸಿನಲ್ಲಿ ದಿನಾ ಕಿವಿಗೆ ಬೀಳುವುದು ಇವೇ. ನೋಟ್‌ಬುಕ್ ಅನ್ನು ಜೂನ್ ಮೊದಲ ದಿನ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ, ಕಾಲೇಜಿನಲ್ಲಿ ಕೇಳಿದ ಹೊಸ ಪದ ಅದೇ ದಿನ ಸಂಜೆ ಅದರಲ್ಲಿ ಸೇರಲಿ.